ದೇಶಕ್ಕೊಂದು ತುತ್ತು

ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಉಪದೇಶ ಮಾಡುವವರು ಒಮ್ಮೆ ನಾಲ್ಕು ವರ್ಷದ ಮಗುವಿಗೆ ಊಟ ಮಾಡಿಸಿ ನೋಡಬೇಕು. ನನ್ನಮ್ಮ ಉಚ್ಚಂಗಿದುರ್ಗದ ಗುಡ್ಡ ತೋರಿಸಿ, ಅಲ್ಲಿಂದ ಕೋತಿ ಬಂದು ತಟ್ಟೆ ಹೊತ್ತೊಯ್ಯುತ್ತದೆ ಎಂದು ಹೆದರಿಸಿ ಉಣಿಸುತ್ತಿದ್ದಳು. ನನ್ನ ಮಗಳು ಸಾನ್ವಿ ಕೋತಿಗೆ ಜಗ್ಗುವವಳಲ್ಲ. ಅವಳಿಗೆ ಮೊಬೈಲ್ ಬೇಕು. ಅದನ್ನು ಬಿಡಿಸಲೆಂದು ನಾನು ದಾವಣಗೆರೆಯಿಂದ ಒಂದು ಚಿತ್ರಪುಸ್ತಕ ತಂದೆ. ಬೇರೆ ಬೇರೆ ದೇಶದ ಮಕ್ಕಳು ಮನೆಯವರ ಜೊತೆ ಕೂತು ಉಣ್ಣುವ ಚಿತ್ರಗಳು. ಪುಟಕ್ಕೊಂದು ದೇಶ, ದೇಶಕ್ಕೊಂದು ತುತ್ತು. ಮೊದಲ ದಿನವೇ ತಟ್ಟೆ ಖಾಲಿಯಾಯಿತು. ಹೆಂಡತಿ ಗಿರಿಜೆಯ ಎದುರು ಮೀಸೆ ತಿರುವಿದೆ. ನನಗೆ ಮೀಸೆಯಿಲ್ಲ, ಆದರೂ ತಿರುವಿದೆ.

ಎರಡನೆಯ ದಿನ ಮಗಳು ಜಪಾನಿನ ಹುಡುಗಿಯ ಮೇಲೆ ಬೆರಳಿಟ್ಟಳು. "ಈಕಿ ಏನು ತಿನ್ನಾಕತ್ಯಾಳ? ನನಗೂ ಅದ ಬೇಕು."

ಹರಪನಹಳ್ಳಿಯಲ್ಲಿ ಜಪಾನಿನ ಊಟ ಎಲ್ಲಿಂದ ತರಲಿ? ದೇಶದ ಹೆಸರೇನೋ ಓದಬಲ್ಲೆ, ಕೆಳಗಿನ ಸಣ್ಣಕ್ಷರದ ಇಂಗ್ಲಿಷಿಗೂ ನನಗೂ ಎಣ್ಣೆ ಸೀಗೆಕಾಯಿ. ಹಾಗಾಗಿ ಅಂದು ಮನೆಯಲ್ಲಿ ಬೆಂದದ್ದೇ ಆ ದೇಶದ ಊಟ ಎಂದು ಸಾರಿಬಿಟ್ಟೆ. ಜಪಾನು ಒಗ್ಗರಣೆ ಮಂಡಕ್ಕಿ ತಿಂದಿತು. ಉಪ್ಪಿಟ್ಟಿನ ದಿನ ಇಡೀ ಯುರೋಪು ಉಪ್ಪಿಟ್ಟು ತಿಂದಿತು. ಪಾಪ, ಯಾರೂ ಬೇಡ ಅನ್ನಲಿಲ್ಲ.

ಜಾಂಬಿಯಾದ ಪುಟ ಬಂದ ದಿನ ನಮ್ಮಲ್ಲಿ ಜೋಳದ ಮುದ್ದೆ. ಅಲ್ಲಿಯೂ ಮುದ್ದೆಯೇ ಎಂದೆ. "ಯಾವ ಹಿಟ್ಟಿಂದು?" ಎಂದಳು ಮಗಳು. ನಾನು ಮೆಕ್ಕೆಜೋಳದ ಮಂಡಿಯಲ್ಲಿ ಗುಮಾಸ್ತ. ದಿನವಿಡೀ ಬಾಯಲ್ಲಿ ಆಡುವ ಪದವೇ ಹೊರಬಿತ್ತು. "ಮೆಕ್ಕಿಜೋಳದ್ದು."

ಗಿರಿಜೆ ಸೌಟು ಹಿಡಿದೇ ಹೊರಬಂದಳು. "ಮೆಕ್ಕಿಜೋಳ ಕೋಳಿಗೆ ಹೋಗೋದು. ಅದರ ಮುದ್ದಿ ಯಾರು ಉಣ್ತಾರ್ರಿ? ಸಾಲ್ಯಾಗ ಹೇಳಿ ನಗಿಪಾಟ್ಲಾದ್ಲಂದ್ರ ನಿಮ್ಮ ಮಾತು ಮತ್ತ ನಂಬಂಗಿಲ್ಲ. ತಿರುಗಿ ಮೊಬೈಲೇ ಗತಿ."

ಮಾತು ನಿಜವೇ. ಮೊಬೈಲಿನಲ್ಲಿ ಹುಡುಕಿ ನೋಡಬಹುದಿತ್ತು. ಸುಳ್ಳೆಂದು ಖಾತ್ರಿಯಾದರೆ ಏನು ಮಾಡಲಿ ಎಂಬ ಹೆದರಿಕೆಗೆ ನೋಡಲಿಲ್ಲ. ಮರುದಿನ ಮಗಳು ಪುಸ್ತಕವನ್ನು ಶಾಲೆಗೇ ಹೊತ್ತುಕೊಂಡು ಹೋದಳು. ಮಂಡಿಯಲ್ಲಿ ನನಗೆ ಚೀಲದ ಲೆಕ್ಕವೇ ತಪ್ಪಿಹೋಯಿತು.

ಸಂಜೆ ಕರೆತರಲು ಹೋದರೆ ಟೀಚರ್ ಗೇಟಿನಲ್ಲೇ ನಿಲ್ಲಿಸಿದರು. ಕೈಯಲ್ಲಿ ಅದೇ ಪುಸ್ತಕ.

"ಜಾಂಬಿಯಾದಾಗ ಮೆಕ್ಕಿಜೋಳದ ಮುದ್ದಿ ಉಣ್ತಾರಂತ ನೀವು ಹೇಳಿದ್ರೇನ್ರಿ?"

ಮಗಳು ನನ್ನ ಬೆರಳು ಹಿಡಿದು ಮುಖವನ್ನೇ ನೋಡುತ್ತಿದ್ದಳು. ಅವಳ ಮುಂದೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. "ಹೌದ್ರಿ" ಎಂದೆ.

"ಇಲ್ಲಿ ಕೆಳಗ ಅದನ್ನ ಬರದಾರ ನೋಡ್ರಿ. ಮೆಕ್ಕಿಜೋಳದ ಹಿಟ್ಟಿಲೆ ಗಟ್ಟಿ ಮುದ್ದಿ ಮಾಡಿ, ಕೈಲೆ ಮುರಕೊಂಡು, ಪಲ್ಯ ಹಚ್ಚಿಕೊಂಡು ತಿಂತಾರಂತ. ನಾನು ಓದೋಕಿಂತ ಮೊದಲೇ ನಿಮ್ಮ ಮಗಳು ಹೇಳಿದ್ಲು!"

ಬೆನ್ನ ಮೇಲಿನ ಮೂಟೆ ಇಳಿಸಿದ ಹಮಾಲನಂತೆ ಉಸಿರು ಬಿಟ್ಟೆ. ಜಾಂಬಿಯಾದ ಆ ಪುಣ್ಯಾತ್ಮರಿಗೆ ಅಲ್ಲಿಂದಲೇ ಮನಸ್ಸಿನಲ್ಲಿ ಕೈಮುಗಿದೆ. ದಾರಿಯುದ್ದಕ್ಕೂ ಮಗಳು ಎದುರಾದವರಿಗೆಲ್ಲ "ನಮ್ಮಪ್ಪಗ ಎಲ್ಲಾ ಗೊತ್ತೈತಿ" ಎಂದು ಸಾರುತ್ತ ಬಂದಳು. ನಾನು ತಲೆ ತಗ್ಗಿಸಿಕೊಂಡೇ ನಡೆದೆ. ಜನ ಅದನ್ನು ವಿನಯ ಎಂದುಕೊಂಡಿರಬೇಕು.

ಗಿರಿಜೆ ಸುದ್ದಿ ಕೇಳಿ, ಮರುದಿನ ಮಂಡಿಯಿಂದ ಮೆಕ್ಕೆಜೋಳ ತರಿಸಿ, ಬೀಸಿಸಿ, ಮುದ್ದೆ ಕಟ್ಟಿ ಮೂವರ ತಟ್ಟೆಗೂ ಇಟ್ಟಳು. ಸಾನ್ವಿ ಪುಸ್ತಕವೂ ಇಲ್ಲದೆ, ಯಾರ ಉಪಚಾರವೂ ಇಲ್ಲದೆ ತಾನೇ ಮುರಿದುಕೊಂಡು ತಿಂದಳು. ನೋಡಿ ನನ್ನ ಕಣ್ಣು ತುಂಬಿಬಂತು. ಮುದ್ದೆ ಮಾತ್ರ ನನಗೆ ಸೇರಲಿಲ್ಲ. ಎರಡನೆಯ ತುತ್ತಿಗೇ ತಟ್ಟೆ ಮೆಲ್ಲಗೆ ಸರಿಸಿದೆ.

ಮಗಳು ಎದ್ದುಹೋಗಿ ಪುಸ್ತಕ ತಂದು ಜಾಂಬಿಯಾದ ಪುಟ ತೆರೆದು ನನ್ನ ಮುಂದಿಟ್ಟಳು. ಪುಟ್ಟ ಕೈಯಲ್ಲಿ ಒಂದು ತುತ್ತು ಹಿಡಿದು ಹೇಳಿದಳು: "ಅಲ್ಲಿ ಅಪ್ಪಗಳು ಹೆಂಗ ಉಣ್ಣಾಕತ್ಯಾರ ನೋಡು. ಬಾಯಿ ತಗಿ."

ತೆಗೆದೆ.