ಮಣ್ಣೆತ್ತಿನ ಅಮಾವಾಸ್ಯೆಯ ಹಾಲು

ಬೆಳಿಗ್ಗೆ ಗೌರೀಶ ಹಂಪವ್ವನಿಗೆ ಹೇಳಿದ್ದು ಇಷ್ಟೇ. "ಅರ್ಜಿ ಕೊಟ್ಟು ಹೋಗ್ರಿ. ಮನಿ ಶ್ರಾವಣದಾಗ ನೋಡೋಣು."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅಧ್ಯಕ್ಷರ ಕಿವಿಗೆ ಆ ಮಾತು ಬಿತ್ತು.

ಗಂಗಾವತಿಯ ಆ ಸಣ್ಣ ಸಂಸ್ಥೆಯ ಕೆಲಸ, ಸೂರು ಕಳೆದುಕೊಂಡವರಿಗೆ ಬಾಡಿಗೆ ಮನೆ ಹುಡುಕಿಕೊಟ್ಟು ಮೊದಲ ಮೂರು ತಿಂಗಳ ಬಾಡಿಗೆ ಕಟ್ಟುವುದು. ಕಟ್ಟುವುದು ಸುಲಭ, ಮನೆ ಸಿಗುವುದೇ ಕಷ್ಟ. ಅಂದು ಮಣ್ಣೆತ್ತಿನ ಅಮಾವಾಸ್ಯೆ ಬೇರೆ, ಮರುದಿನದಿಂದ ಆಷಾಢ. ಆಷಾಢದಲ್ಲಿ ಯಾರೂ ಹೊಸ ಮನೆ ಹೊಗುವುದಿಲ್ಲ, ಹೊಗಿಸಿಕೊಳ್ಳುವುದೂ ಇಲ್ಲ. ಹೊತ್ತು ಮುಳುಗುವುದರೊಳಗೆ ಹಾಲು ಉಕ್ಕಿಸಿದರೆ ಮನೆ ನಿಮ್ಮದು. ತಪ್ಪಿದರೆ ಒಂದು ತಿಂಗಳು ಕಾಯಬೇಕು.

ಹಂಪವ್ವನ ಮಾಳಿಗೆ ಹಿಂದಿನ ದಿನದ ಮಳೆಗೆ ಕುಸಿದಿತ್ತು. "ತಿಂಗಳತನಕ ಎಲ್ಲಿರ್ಲಿ ತಮ್ಮಾ? ಇಲ್ಲೇ ಇರ್ತೀನಿ ತಗೋ" ಎಂದು ಆಕೆ ತನ್ನ ಟ್ರಂಕನ್ನು ಗೌರೀಶನ ಮೇಜಿನ ಕೆಳಗೆ ತಳ್ಳಿದಳು. ಅವನು ಕಾಲು ಮೇಲೆತ್ತಿ ಕೂರಬೇಕಾಯಿತು.

ಸಂಜೆಯೊಳಗೆ ಈಕೆಗೆ ಮನೆಯಾಗದಿದ್ದರೆ ನಾಳೆಯಿಂದ ಗೌರೀಶನ ಕೆಲಸವನ್ನೂ ರೂಪಾ ನೋಡಿಕೊಳ್ಳುತ್ತಾಳೆ ಎಂದು ಅಧ್ಯಕ್ಷರು ತಣ್ಣಗೆ ಹೇಳಿ ಒಳಗೆ ಹೋದರು. ಪಕ್ಕದ ಮೇಜಿನ ರೂಪಾ ಆಗಲೇ ಅವನ ಕುರ್ಚಿಯ ಅಳತೆ ತೆಗೆದುಕೊಳ್ಳುವವಳಂತೆ ನೋಡಿದಳು.

ಗೌರೀಶ ಬೈಕು ಹತ್ತಿದ. ಮುದುಕಿ ಎಂದರೆ ಒಪ್ಪಿದ ಮಾಲೀಕರು ಆಕೆಯ ಆರು ಕೋಳಿಗಳೆಂದಾಗ ಬಾಗಿಲು ಹಾಕಿಕೊಂಡರು. ಕೋಳಿಗೆ ಒಪ್ಪಿದವರೊಬ್ಬರು ಮುದುಕಿ ಬೇಡವೆಂದರು. ಇನ್ನೊಬ್ಬರು ಎರಡೂ ಬೇಡ, ನೀವಾದರೂ ಕೂತು ಚಹಾ ಕುಡಿದು ಹೋಗಿ ಎಂದರು. ಎರಡು ಗಂಟೆಯ ಹೊತ್ತಿಗೆ ಅವನ ಮುಖ ಬಿಸಿಲಿಗಿಟ್ಟ ಮಣ್ಣೆತ್ತಿನಂತೆ ಬಿರಿದಿತ್ತು.

ನಾಲ್ಕಕ್ಕೆ ಹಿರೇಜಂತಕಲ್ಲಿನ ಮೌಲಾಹುಸೇನ ಸಿಕ್ಕ. ಒಂದೇ ಕೋಣೆ, ಆದರೆ ಮಾಳಿಗೆ ಗಟ್ಟಿ. ಕೋಳಿ ಕೂಗಿದರೆ ತನಗೆ ಅಲಾರಾಂ ಉಳಿಯಿತು ಎಂದು ನಕ್ಕು ಬೀಗದ ಕೈ ಕೊಟ್ಟುಬಿಟ್ಟ.

ಗೌರೀಶ ಟ್ರಂಕನ್ನೂ ಸ್ಟೋವನ್ನೂ ತಂದಿಳಿಸಿದ. ಹಂಪವ್ವ ಮಾತ್ರ ಕೋಳಿ ತರಲು ಹಳೆಯ ಮನೆಗೆ ಹೋದವಳು ಬರಲಿಲ್ಲ. ಹೊತ್ತು ಇಳಿಯುತ್ತಿದ್ದಂತೆ ಅವಳ ಫೋನು ಬಂತು.

"ಒಂದು ಕೋಳಿ ಬೇವಿನ ಗಿಡ ಹತ್ತಿ ಕುಂತೈತಿ. ಅದನ್ನ ಬಿಟ್ಟು ನಾ ಬರೂದಿಲ್ಲ. ಹಾಲು ನೀನ ಉಕ್ಕಿಸಿಬಿಡು."

ಎದುರು ಮನೆಯ ಶಿವಬಸಮ್ಮನಿಗೆ ಹಾಲು ಮಾರುವುದೇ ಕಸುಬು; ಜಯನಗರದಲ್ಲಿ ಗೌರೀಶ ಬಾಡಿಗೆಗಿದ್ದ ಮನೆಗೂ ಅವಳದೇ ಹಾಲು. ಅರ್ಧ ಲೀಟರು ಅಳೆದುಕೊಟ್ಟು, ಹೊಸ್ತಿಲಲ್ಲೇ ನಿಂತು ನೋಡಿದಳು. ಹಾಲು ಉಕ್ಕಿ ಪೂರ್ವಕ್ಕೆ ಚೆಲ್ಲಿತು.

"ಛಲೋ ಆತು. ನೀವ ಬರ್ತೀರೇನು ಈ ಮನಿಗೆ?"

"ನಾ ಅಲ್ಲಬೇ, ಒಬ್ಬಾಕಿ ಮುದುಕಿ ಬರ್ತಾಳ."

"ಯಾವಾಕಿನೋ ಬರಾಕಿ, ನೀವು ಹಾಲು ಉಕ್ಕಿಸೋರು? ನಂಬಿದೆ ಬಿಡ್ರಿ" ಎಂದು ನಗುತ್ತ ಆಕೆ ಕ್ಯಾನು ಎತ್ತಿಕೊಂಡು ವರ್ತನೆ ಮನೆಗಳಿಗೆ ಹಾಲು ಹಾಕಲು ಹೋದಳು.

ಗೌರೀಶ ಹಂಪವ್ವನಲ್ಲಿಗೆ ಓಡಿದ. ಬೇವಿನ ಗಿಡ ಹತ್ತಿದ, ಜಾರಿದ, ಮತ್ತೆ ಹತ್ತಿದ. ಜೇಬಿನಲ್ಲಿ ಫೋನು ಮೂರು ಸಲ ಬಡಿದುಕೊಂಡಿತು. ಒಂದು ಕೈಯಲ್ಲಿ ಕೊಂಬೆ, ಇನ್ನೊಂದರಲ್ಲಿ ಕೋಳಿಯ ಕಾಲು, ಎತ್ತುವುದು ಹೇಗೆ? ಕೊನೆಗೆ ಆರು ಕೋಳಿಗಳ ಸಮೇತ ಹಂಪವ್ವನನ್ನು ಹೊಸ ಮನೆಗೆ ಸೇರಿಸಿದ. ಆಕೆ ಅವನ ಕೂದಲಿನಿಂದ ಪುಕ್ಕವೊಂದನ್ನು ತೆಗೆದು, "ನಿನ್ನ ಮನಿ ತಣ್ಣಗಿರ್ಲಿ ತಮ್ಮಾ" ಎಂದು ಹರಸಿದಳು.

ಗೆದ್ದವನಂತೆ ಹೊರಬಂದಾಗ ರೂಪಾಳ ಫೋನು. ಅವನು ದಿನವಿಡೀ ಅಲೆದದ್ದನ್ನು ತಾನು ಹತ್ತು ನಿಮಿಷದಲ್ಲಿ ಮುಗಿಸಿದೆನೆಂದು ಅವಳ ದನಿ ಕುಣಿಯುತ್ತಿತ್ತು. ಗೋಡೆ ಬಿದ್ದ ಯಂಕೋಬನ ಸಂಸಾರಕ್ಕೆ, ಐದು ಜನಕ್ಕೆ, ಜಯನಗರದಲ್ಲಿ ಮನೆಯಾಯಿತು. ಹೊತ್ತು ಮುಳುಗುವ ಮುಂಚೆ ಹಾಲೂ ಉಕ್ಕಿತು.

"ಮಾಲಕಿ ತಾವ ಫೋನ್ ಮಾಡಿದ್ರು. ಅವರ ಬಾಡಿಗಿದಾರ ಹೇಳದ ಕೇಳದ ಬ್ಯಾರೆ ಕಡೆ ಹಾಲು ಉಕ್ಕಿಸ್ಯಾನಂತ. ಹಾಲಿನಾಕಿ ಕಣ್ಣಾರೆ ನೋಡ್ಯಾಳಂತ. ಎಂಥಾ ಮಂದಿ ಇರ್ತಾರ ನೋಡ್ರಿ."

ಗೌರೀಶ ಬೈಕಿನ ಕಿಕ್ಕನ್ನು ನಾಲ್ಕು ಸಲ ಒದ್ದ.

ಮನೆಯ ಕಟ್ಟೆಯ ಮೇಲೆ ಅವನ ಹಾಸಿಗೆ, ಮಡಿಸಿಟ್ಟ ಅಂಗಿಗಳು, ಬಕೀಟು ಸಾಲಾಗಿ ಕುಳಿತಿದ್ದವು. ಮಾಲಕಿ ದುರ್ಗಾದೇವಿ ಮಣ್ಣೆತ್ತಿನ ಪೂಜೆಯ ತಟ್ಟೆ ಹಿಡಿದು ನಿಂತಿದ್ದರು.

"ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಖರೇ ಅಂತ ತಿಳ್ಕೊಂಡೆ. ಒಂದು ಮಾತು ಹೇಳಿ ಹೋಗಿದ್ರ ಬ್ಯಾಡ ಅಂತಿದ್ನೇನು?"

ಅವನು ಎಲ್ಲವನ್ನೂ ವಿವರಿಸಿದ. ಮುದುಕಿ, ಬೇವಿನ ಗಿಡ, ಕೋಳಿ. ದುರ್ಗಾದೇವಿ ಕೇಳಿದರು, ನಂಬಿದರು, ಮರುಗಿದರು ಕೂಡ. ಆದರೆ ಹಾಲು ಉಕ್ಕಿಸಿದವರನ್ನು ಅಮಾವಾಸ್ಯೆಯ ದಿನ ಹೊರಗೆ ಹಾಕುವುದು ಹೇಗೆ? ಒಳಗಿಂದ ಯಂಕೋಬನ ಹೆಂಡತಿ ಲೋಟದಲ್ಲಿ ಹಾಲು ತಂದುಕೊಟ್ಟಳು. ಸಕ್ಕರೆ ಅವನ ಡಬ್ಬಿಯದೇ. ಗೌರೀಶ ಕಟ್ಟೆಯ ಮೇಲೆ ಕೂತು, ಬೇರೆ ದಾರಿ ಕಾಣದೆ, ರೂಪಾಳಿಗೆ ಫೋನು ಮಾಡಿ ಎಲ್ಲ ಹೇಳಿದ.

ಆ ಕಡೆ ರೂಪಾ ಎರಡು ಸಲ ಕೆಮ್ಮಿದಳು. ನಗು ತಡೆಯುತ್ತಿದ್ದಿರಬೇಕು.

"ನಾಳೆ ಅರ್ಜಿ ಕೊಡ್ರಿ ಸರ. ಮನಿ ಶ್ರಾವಣದಾಗ ನೋಡೋಣು."