ಅರ್ಧ ಜೋಡಿ ಮೀನು

ಮೀನಿಗೆ ಬಾಯಿದ್ದರೂ ಮಾತಿಲ್ಲ, ಹಾಗಾಗಿ ಮೀನಿನ ಅಂಗಡಿಯಲ್ಲಿ ತಮಾಷೆ ನಡೆಯುವುದಿಲ್ಲ ಎಂದು ಯಾರಾದರೂ ತಿಳಿದಿದ್ದರೆ, ಒಂದು ದಿನ ನನ್ನ ಹತ್ತಿರ ಬಂದು ಕುಳಿತು ನೋಡಬೇಕು. ಕುರ್ಚಿ ಹೇಗೂ ಖಾಲಿಯೇ ಇರುತ್ತದೆ.

ಗದಗ ಜಿಲ್ಲೆಯಾದ ಹೊಸತರಲ್ಲಿ ನಾನು ಇಲ್ಲೊಂದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದೆ. ಎಲ್ಲರ ಕೈಗೂ ಮೊಬೈಲ್ ಬಂದಮೇಲೆ ಕ್ಲಾಸಿಗೆ ಬರುವವರು ನಿಂತರು. ಅದೇ ಜಾಗದಲ್ಲಿ ಬಣ್ಣದ ಮೀನು ಮಾರಲು ಶುರುಮಾಡಿದೆ. ಹೆಂಡತಿ ಇದ್ದಾಗ ಗಿರಾಕಿಗಳ ಜೊತೆ ಮಾತು ಅವಳದು, ನೀರು ಬದಲಿಸುವ ಕೆಲಸ ನನ್ನದು. ಅವಳು ತೀರಿಕೊಂಡಮೇಲೆ ಎರಡೂ ನನ್ನ ಪಾಲಿಗೆ ಬಂದವು. ಮನೆ ಅಂಗಡಿಯ ಹಿಂದೆಯೇ ಇದೆ. ಅಲ್ಲಿ ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ, ಗಿರಾಕಿ ಬಂದರೆ ಮಾತು, ಇಲ್ಲದಿದ್ದರೆ ಇಲ್ಲ. ಬೇಜಾರಾಗುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಬರುವವರೆಲ್ಲರ ಪ್ರಶ್ನೆ ಒಂದೇ. "ನಮ್ಮ ಟ್ಯಾಂಕಿಗೆ ಎಷ್ಟ ಮೀನ ಬಿಡಬೇಕ್ರಿ?" ಹೆಚ್ಚು ಬಿಟ್ಟರೆ ಸಾಯುತ್ತವೆ, ಸತ್ತರೆ ಬೈಸಿಕೊಳ್ಳುವವನು ನಾನು. ಹಳೆಯ ವಿದ್ಯೆ ನೆನಪಾಗಿ ಮೊಬೈಲಿನಲ್ಲಿ ಓಡುವ ಒಂದು ಕ್ಯಾಲ್ಕುಲೇಟರ್ ಮಾಡಿ ಗಿರಾಕಿಗಳಿಗೆ ಕೊಟ್ಟೆ. ನೀರಿನ ಅಳತೆ, ಮೀನಿನ ಅಳತೆ ಹಾಕಿದರೆ ಎಷ್ಟು ಮೀನು ಬಿಡಬಹುದು ಎಂದು ಅದೇ ಹೇಳುತ್ತದೆ. ಲೆಕ್ಕ ಸುಲಭವಾಗಿತ್ತು. ಯಾವ ಅಳತೆಯಲ್ಲಿ ಕೇಳಬೇಕು ಎಂಬುದರಲ್ಲಿ ನನ್ನ ಇದ್ದಬದ್ದ ಬುದ್ಧಿಯೆಲ್ಲ ಖರ್ಚಾಯಿತು.

೧. ಯಾರ ಕೊಡ?

ಈ ಲೆಕ್ಕ ಹುಟ್ಟಿದ ದೇಶದಲ್ಲಿ ನೀರನ್ನು ಗ್ಯಾಲನ್ನಿನಲ್ಲಿ ಅಳೆಯುತ್ತಾರಂತೆ. ನಾನೂ ಗ್ಯಾಲನ್ ಎಂದೇ ಬರೆದೆ. ಪಕ್ಕದ ಅಂಗಡಿಯ ದರ್ಜಿ ಅದನ್ನು ಓದಿ, "ಮೀನಿಗೆ ಡೀಸೆಲ್ ಹಾಕಬೇಕೇನ್ರಿ?" ಎಂದ. ತೆಗೆದು ಲೀಟರ್ ಮಾಡಿದೆ. ಬೆಟಗೇರಿಯಿಂದ ಬಂದ ಒಬ್ಬ ಹೆಣ್ಣುಮಗಳು ಅದನ್ನೂ ತಳ್ಳಿಹಾಕಿದಳು.

"ಲೀಟರ್ ಹಾಲಿಗ್ರಿ. ನೀರಿಗೆ ಕೊಡ. ನಳಾ ಬಿಟ್ಟ ದಿನಾ ನಾವು ಕೊಡಾ ಎಣಿಸೇ ತುಂಬತೀವಿ."

ಮಾತು ಖರೆ ಅನ್ನಿಸಿತು. ವಾರಗಟ್ಟಲೆ ನಳಕ್ಕೆ ಕಾಯುವ ಊರಿನಲ್ಲಿ ಲೀಟರ್ ಯಾರಿಗೆ ಬೇಕು? ಲೀಟರ್ ಅಳಿಸಿ 'ಕೊಡ' ಎಂದು ಹಾಕಿದೆ. ಒಂದು ಕೊಡ ಎಂದರೆ ಎಷ್ಟು ದೊಡ್ಡದು ಎಂದು ಹಿಡಿಯಬೇಕಮ್ಮಾ ಎಂದು ಆಕೆಯನ್ನೇ ಕೇಳಿದೆ.

"ಯಾರ ಕೊಡಾರೀ? ನಮ್ಮ ಬಾಜೂ ಮನಿಯಾಕಿ ಹತ್ರ ಎರಡ ಅದಾವು. ತಾ ತುಂಬಿಕೊಳ್ಳೂದು ದೊಡ್ಡದು, ನಮಗ ಕಡಾ ಕೊಡೂದು ಸಣ್ಣದು!"

೨. ಮೂರು ಇಂಚು

ಒಂದು ಕೊಡಕ್ಕೆ ಇಂತಿಷ್ಟು ಲೀಟರ್ ಎಂದು ಬರೆದು ಆ ಜಗಳ ಮುಗಿಸಿದೆ. ನೀರಿನ ಆಳವನ್ನೂ ಕೇಳಬೇಕಾಗಿತ್ತು. 'ನೀರು ಎಷ್ಟು ಇಂಚು ಇದೆ?' ಎಂದು ಬರೆದು ನೆಮ್ಮದಿಯಾಗಿದ್ದೆ. ಶಿರಹಟ್ಟಿ ಕಡೆಯ ಒಬ್ಬ ದೊಡ್ಡ ಹಿಡುವಳಿಯ ಗೌಡರು ಒಂದು ಮಧ್ಯಾಹ್ನ ಬಸ್ಸಿಳಿದು ನೇರವಾಗಿ ಅಂಗಡಿಗೆ ಬಂದರು. ಮೀಸೆ ಕುಣಿಯುತ್ತಿತ್ತು.

"ಏನ್ರೀ ನಿಮ್ಮ ಮಷಿನ್? ಮೂರ ಇಂಚ ನೀರು ಅಂತ ಹಾಕೀನಿ. ಮೀನ ಬಿಡಬ್ಯಾಡ್ರಿ, ನೀರು ಸಾಲಂಗಿಲ್ಲ ಅಂತೈತಿ!"

"ಖರೇನ ಐತ್ರಿ ಗೌಡ್ರ. ಮೂರ ಇಂಚಿನ್ಯಾಗ ಮೀನಿನ ಬೆನ್ನ ಹೊರಗ ಉಳಿತೈತಿ."

"ನಮ್ಮ ಊರಾಗ ಯಾರ ಬೋರಿಗೂ ಮೂರ ಇಂಚ ಬಿದ್ದಿಲ್ಲ. ನನಗೊಬ್ಬಂಗ ಬಿದ್ದೈತಿ. ಇಡೀ ಹೊಲಾ ತೊಯ್ತೈತಿ. ಒಂದ ಮೀನಿಗೆ ಸಾಲಂಗಿಲ್ಲೇನು?"

ಆಗ ನನಗೆ ಹೊಳೆಯಿತು. ಬೋರ್‌ವೆಲ್ ಇರುವವನಿಗೆ ಇಂಚು ಎಂದರೆ ಪೈಪಿನಿಂದ ಚಿಮ್ಮುವ ನೀರು, ಗಾಜಿನೊಳಗೆ ನಿಂತ ನೀರಲ್ಲ. ಬಿಡಿಸಿ ಹೇಳಿದೆ. ಗೌಡರಿಗೆ ಅರ್ಥವಾಯಿತು, ಆದರೆ ಸಮಾಧಾನವಾಗಲಿಲ್ಲ. ಚಹಾ ತರಿಸಿದೆ. ಬೋರ್ ಹೊಡೆಸಿದ ಕಥೆಯನ್ನು ಮೊದಲ ಕಲ್ಲಿನಿಂದ ಕೊನೆಯ ಕೆಸರಿನವರೆಗೆ ಹೇಳಿದರು. ಎಷ್ಟೋ ದಿನದ ಮೇಲೆ ಗಿರಾಕಿಯ ಕುರ್ಚಿ ಬೆಚ್ಚಗಾಗಿತ್ತು. ಏಳುವಾಗ ಮಾತ್ರ ಹೀಗೆಂದರು:

"ಆತ್ರಿ, ಟ್ಯಾಂಕಿನ ಇಂಚು ಬ್ಯಾರೆ ಅನ್ನೂದು ತಿಳೀತು. ಆದ್ರ ನಮ್ಮ ಬೀಗರಿಗೆ ನಾ ಹಾಕಿದ ಮೂರ ಇಂಚ ತೋರಿಸಬ್ಯಾಡ್ರಿ. ಅವರಿಗೆ ನಾಲ್ಕ ಇಂಚ ಅಂತ ಹೇಳೀನಿ!"

ಮರುದಿನವೇ 'ಗಾಜಿನ ತೊಟ್ಟಿಯಲ್ಲಿ ನೀರು ಎಷ್ಟು ಎತ್ತರ ನಿಂತಿದೆ?' ಎಂದು ತಿದ್ದಿದೆ. ತಿದ್ದಿದಮೇಲೆ ಆ ಕಡೆಯಿಂದ ಯಾರೂ ಜಗಳಕ್ಕೆ ಬರಲಿಲ್ಲ. ಕುರ್ಚಿ ಮತ್ತೆ ತಣ್ಣಗಾಯಿತು.

೩. ಅಡ್ಡ ಬಟ್ಟು, ಉದ್ದ ಬಟ್ಟು

ಈಜುವ ಮೀನಿಗೆ ಸ್ಕೇಲು ಹಿಡಿಯುವುದು ಕಷ್ಟ. ಅದಕ್ಕೆ ಮೀನಿನ ಉದ್ದವನ್ನು ಬಟ್ಟಿನಲ್ಲಿ ಕೇಳಿದೆ. ಗಾಜಿನ ಹೊರಗೆ ಬೆರಳು ಅಡ್ಡ ಹಿಡಿದರೆ ಸಾಕು, ಎರಡು ಬಟ್ಟೋ ನಾಲ್ಕು ಬಟ್ಟೋ ಗೊತ್ತಾಗುತ್ತದೆ. ಲಕ್ಷ್ಮೇಶ್ವರದ ಒಬ್ಬ ಬಳೆ ವ್ಯಾಪಾರಿ ಸಾಹೇಬರು ಫೋನ್ ಮಾಡಿದರು.

"ಲೆಕ್ಕದ ಪ್ರಕಾರನ ಬಿಟ್ಟೀನ್ರಿ. ಆದ್ರ ಮೀನಿಗೆ ಹೊಳ್ಳಾಕ ಜಾಗಾ ಇಲ್ಲ. ಹೋದ ಮೀನು ಹಂಗ ರಿವರ್ಸ್ ಬರಾಕತ್ತೈತಿ."

"ಎಷ್ಟ ಬಟ್ಟು ಅಂತ ಹಾಕೀರಿ?"

"ಒಂದ ಬಟ್ಟು. ನಡು ಬಟ್ಟು ಹಿಡದ ಅಳದೀನಿ, ಬುಡದಿಂದ ತುದೀತನಾ!"

ಅಡ್ಡ ಎಂದು ನಾನು ಬರೆದಿರಲಿಲ್ಲ. ಹೆಚ್ಚಾದ ಮೀನನ್ನು ಸ್ಟೀಲಿನ ಡಬ್ಬಿಯಲ್ಲಿ ಹಾಕಿಕೊಂಡು ಅವರು ಗದಗಿಗೇ ಬಂದರು. ಮಗಳ ಮದುವೆಯ ಮಾತು, ಗಾಜಿನ ಬಳೆಗೆ ಮೊದಲಿನ ಗಿರಾಕಿ ಇಲ್ಲ ಎಂಬ ಮಾತು, ಎಲ್ಲ ಆಯಿತು. ಹೊರಡುವಾಗ ಡಬ್ಬಿಯನ್ನು ನನಗೇ ಬಿಟ್ಟು, "ಮನ್ಯಾಗ ಇದರಾಗ ಇನ್ನ ಯಾರೂ ಊಟಾ ಮಾಡಂಗಿಲ್ರಿ. ನೀವು ಒಬ್ಬರ ಅದೀರಿ, ನಡೀತೈತಿ!" ಎಂದರು.

೪. ಜೋಡಿ

ಕಡೆಗೆ ಉಳಿದದ್ದು ಉತ್ತರದ ಅಳತೆ. ನಮ್ಮಲ್ಲಿ ಮೀನು ಮಾರುವುದೇ ಜೋಡಿ ಲೆಕ್ಕದಲ್ಲಿ. ಕ್ಯಾಲ್ಕುಲೇಟರ್ ನಾಲ್ಕು ಎಂದರೆ ಜನ ನಾಲ್ಕು ಜೋಡಿ ಒಯ್ಯುತ್ತಿದ್ದರು. ಅದಕ್ಕೆ ಉತ್ತರವನ್ನೇ ಜೋಡಿಯಲ್ಲಿ ಬರುವಂತೆ ಮಾಡಿದೆ.

ಅಲ್ಲಿಗೆ ಎಲ್ಲವೂ ಸರಿಹೋಯಿತು. ಮೀನು ಸಾಯುವುದು ನಿಂತಿತು. ಬೈಯುವವರೂ ನಿಂತರು, ಕೇಳುವವರೂ ನಿಂತರು. ಫೋನು ಕೆಟ್ಟಿದೆಯೇನೋ ಎಂದು ಅಂಗಡಿಯ ಇನ್ನೊಂದು ಫೋನಿನಿಂದ ನಾನೇ ರಿಂಗ್ ಕೊಟ್ಟು ನೋಡಿದೆ. ಚೆನ್ನಾಗಿಯೇ ಇತ್ತು. ನನ್ನ ಕೈಯಾರೆ ನನ್ನ ಮಾತಿಗೆ ನಾನೇ ಕಲ್ಲು ಹಾಕಿಕೊಂಡಿದ್ದೆ. ಸಂಕಟವಾಯಿತು.

ಹೀಗಿರುವಾಗ ಮುಂಡರಗಿಯಿಂದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ ಫೋನ್ ಮಾಡಿದರು. ಬಸ್ಸಿನ ಡ್ರೈವರ್ ಕೈಯಲ್ಲಿ ನನ್ನಿಂದ ಒಂದು ಫೈಟರ್ ಮೀನು ತರಿಸಿಕೊಂಡಿದ್ದರು. ಇದು ಭಾರೀ ಜಗಳಗಂಟ ಮೀನು, ಒಂದೇ ಇರಬೇಕು. ಇನ್ನೊಂದು ಕಂಡರೆ ಕೊಂದೇಹಾಕುತ್ತದೆ.

"ನಿಮ್ಮ ಕ್ಯಾಲ್ಕುಲೇಟರ್ 'ಅರ್ಧ ಜೋಡಿ ಬಿಡಿ' ಅಂತೈತ್ರಿ. ಅರ್ಧ ಜೋಡಿ ಅಂದ್ರೇನು?"

"ಒಂದ ಅಂತ ಅರ್ಥರೀ ಟೀಚರ್."

"ಹಂಗಂದ್ರ ಒಂದು ಅಂತ ಬರೀಬೇಕಿಲ್ಲೋ? ಶಾಲ್ಯಾಗ ಆಗಿದ್ರ ಕಿವಿ ಹಿಂಡತಿದ್ದೆ." ಆಮೇಲೆ ಅವರೇ ಅಂದರು, "ಇರಲಿ ಬಿಡ್ರಿ, ತಿದ್ದಬ್ಯಾಡ್ರಿ. ನಮ್ಮವ್ರು ಹೋದಮ್ಯಾಲೆ ಎಲ್ಲಾರೂ ನನಗ ಒಬ್ಬಾಕಿ, ಒಬ್ಬಾಕಿ ಅಂತಾರ. ಅರ್ಧ ಜೋಡಿ ಅನ್ನೂದು ಇದಕ್ಕಿಂತ ಚಲೋ ಐತಿ."

"ನಾನೂ ಅದ ಲೆಕ್ಕದಾಗ ಬರತೀನ್ರಿ," ಎಂದೆ.

ಮರುವಾರ ಮತ್ತೆ ಫೋನು. ದನಿಯಲ್ಲಿ ಹುರುಪಿತ್ತು.

"ಲೆಕ್ಕಾ ಪೂರಾ ಮಾಡಿದೆ ನೋಡ್ರಿ. ಟ್ಯಾಂಕಿನ ಬಾಜೂಕ ಒಂದ ಕನ್ನಡಿ ಇಟ್ಟೆ. ಜೋಡಿ ಆತು!"

"ಅಯ್ಯ, ತಗೀರಿ ಟೀಚರ್! ಕನ್ನಡ್ಯಾಗ ತನ್ನನ್ನ ತಾನ ನೋಡಿ ಇನ್ನೊಂದು ಮೀನು ಅಂತ ತಿಳ್ಕೋತೈತಿ. ರೆಕ್ಕಿ ಎಬ್ಬಿಸಿ ಜಗಳಕ್ಕ ನಿಂದರತೈತಿ."

"ನಿಂತೈತ್ರಿ, ಮುಂಜಾನಿಂದ ನಿಂತೈತಿ. ತಗೀತೀನಿ, ಒಂದೀಟು ತಡೀರಿ. ನಮ್ಮ ಮನಿಯಾಗ ಜಗಳಾ ನೋಡಿ ಭಾಳ ದಿನಾ ಆಗಿತ್ತು!"

ಇಬ್ಬರೂ ನಕ್ಕೆವು. ಅವರು ಕನ್ನಡಿ ತೆಗೆದರು. 'ಅರ್ಧ ಜೋಡಿ' ಎಂಬುದನ್ನು ನಾನು ಇನ್ನೂ ತಿದ್ದಿಲ್ಲ. ಅದು ಅರ್ಥವಾಗದೆ ಆಗಾಗ ಯಾರಾದರೂ ಫೋನ್ ಮಾಡುತ್ತಾರೆ. ಟೀಚರಿಗೆ ಅರ್ಥವಾಗಿದೆ. ಆದರೂ ವಾರಕ್ಕೊಮ್ಮೆ ಫೋನ್ ಮಾಡಿ, "ಅರ್ಧ ಜೋಡಿ ಅಂದ್ರೇನ್ರಿ?" ಎಂದು ಕೇಳುತ್ತಾರೆ.