ಪೂಜ್ಯ ಮರದ ಪಾದದ ವಿಷಯವಾಗಿ

ಊರ ಚರಿತ್ರೆಯ ವಸ್ತುಸಂಗ್ರಹಾಲಯದ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ತಮ್ಮ ಗಾಜಿನ ಪೆಟ್ಟಿಗೆಗಳಿಗೂ, ಅವುಗಳೊಳಗೆ ನೆಮ್ಮದಿಯಾಗಿರುವ ಸಮಸ್ತ ಹಳೆಯ ಸಾಮಾನುಗಳಿಗೂ ವಯಸ್ಕರ ಇಂಗ್ಲಿಷ್ ಶಾಲೆಯ ಕೊನೆಯ ಬೆಂಚಿನಿಂದ ನಮಸ್ಕಾರಗಳು. ಕಳೆದ ಮಂಗಳವಾರ ನಮ್ಮ ಟೀಚರಮ್ಮ ನಮ್ಮ ಹನ್ನೆರಡು ಮಂದಿಯನ್ನು ಎಳೆಯ ಮಕ್ಕಳಂತೆ ಜೋಡಿಜೋಡಿಯಾಗಿ ನಿಲ್ಲಿಸಿ ತಮ್ಮಲ್ಲಿಗೆ ಕರೆತಂದಿದ್ದರು. ಫಲಕಗಳನ್ನು ಓದಿ ಹತ್ತು ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕು. ಎಂಟು ಸರಿಯಾದರೆ ಪಾಸು. ಪಾಸಾದರೆ ಆಸ್ಪತ್ರೆಯ ನೆಲ ಒರೆಸುವ ನನಗೆ ಅಲ್ಲಿಯದೇ ಬಟ್ಟೆ ವಿಭಾಗದ ಕೌಂಟರಿನಲ್ಲಿ ಕೂತು ಮಾಡುವ ಕೆಲಸ ಸಿಗುತ್ತದೆ. ಐವತ್ತಾರು ವರ್ಷದ ಮಂಡಿಗಳಿಗೆ ಕುರ್ಚಿ ಎಂದರೇನೆಂದು ತಮಗೆ ವಿವರಿಸಬೇಕಿಲ್ಲ.

ಏಳನೆಯ ಪ್ರಶ್ನೆ ಗಾಜಿನೊಳಗಿದ್ದ, ಮರದಿಂದ ಕೆತ್ತಿದ ಪಾದದ ಬಗ್ಗೆ ಇತ್ತು. ತಮ್ಮ ಇಂಗ್ಲಿಷ್ ಫಲಕವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ: ಬಹುಶಃ ಪೂರ್ವಜರು ಆರಾಧನೆಗೆ ಬಳಸುತ್ತಿದ್ದುದು. ಮೈ ಜುಮ್ಮೆಂದಿತು. ಏಕೆಂದರೆ ಮಾನ್ಯರೇ, ಈಗ ಮುಚ್ಚಿಹೋಗಿರುವ ಕಾಲುಚೀಲದ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ನಾನು ಅದೇ ಪೂಜ್ಯ ಪಾದಕ್ಕೆ ಒದ್ದೆ ಕಾಲುಚೀಲ ತೊಡಿಸಿ, ಬಿಸಿ ಕೋಣೆಯಲ್ಲಿ ಒಣಗಿಸಿ, ಸರಕ್ಕನೆ ಎಳೆದು ತೆಗೆದಿದ್ದೇನೆ. ಹಿಮ್ಮಡಿಯ ಮೂರು ಗೀರುಗಳನ್ನು ತಮ್ಮ ಪಂಡಿತರು ಗೂಢ ಚಿಹ್ನೆಗಳೆಂದು ಬಣ್ಣಿಸಿದ್ದಾರೆ. ಅವನ್ನು ಕತ್ತರಿಯ ತುದಿಯಿಂದ ಕೆತ್ತಿದವಳು ನಾನು. ಪಕ್ಕದ ಮೇಜಿನಲ್ಲಿದ್ದ ನನ್ನ ಅತ್ತಿಗೆ, ಕಾಲುಚೀಲಕ್ಕೆ ಆಕಾರ ಕೊಡುವ ಇಂಥ ಅಚ್ಚುಗಳಲ್ಲಿ ನುಣುಪಾದವನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು, ಗುರುತಿಲ್ಲದೆ ಜಗಳ ಗೆಲ್ಲುವುದು ಹೇಗೆ?

ನನ್ನದನ್ನು ಕಂಡ ಖುಷಿಗೆ ಗಾಜಿನ ಮೇಲೆ ಅಂಗೈ ಇಟ್ಟೆ. ತಮ್ಮ ಕಾವಲುಗಾರ ಓಡಿಬಂದು, "ಅಮ್ಮಾ, ಮುಟ್ಬೇಡಿ, ತುಂಬಾ ಹಳೇದು" ಎಂದ. ಅದಕ್ಕಿಂತ ಹಳೆಯವಳಾದ ನಾನು ತೆಪ್ಪಗೆ ಕೈ ತೆಗೆದು, ಕಾಲುಚೀಲದ ಅಚ್ಚು, ನನ್ನದೇ, ಎಂದು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಬರೆದೆ. ಟೀಚರಮ್ಮ ಕೆಂಪು ಗೀಟು ಎಳೆದರು. "ನೀವು ಹೇಳೋದು ನಿಜಾನೇ ಇರಬಹುದು ಅಕ್ಕಾ, ಆದ್ರೆ ಬೋರ್ಡಲ್ಲಿ ಹಾಗಿಲ್ವಲ್ಲ" ಎಂದರು, ಪಾಪ, ನನ್ನ ಮುಖ ನೋಡದೆ. ಹತ್ತಕ್ಕೆ ಏಳು, ಫೇಲು.

ಆದರೂ ತಮ್ಮ ಉಪಕಾರ ದೊಡ್ಡದು. ಕಾರ್ಖಾನೆಯ ಧಣಿಗಳು ನಮಗೊಂದು ಫ್ಯಾನು ಹಾಕಿಸಲಿಲ್ಲ. ತಾವೋ, ನಾವು ಬದುಕಿರುವಾಗಲೇ ನಮ್ಮನ್ನು ಪೂರ್ವಜರನ್ನಾಗಿಸಿದ್ದೀರಿ. ಹೀಗಿರುವಾಗ ನನಗೂ ತಂಪುಗಾಳಿ ಬರುವ ಒಂದು ಗಾಜಿನ ಪೆಟ್ಟಿಗೆ, ತಲೆಯ ಮೇಲೊಂದು ಪುಟ್ಟ ದೀಪ, ಯಾರೂ ಮುಟ್ಟಿ ಕೆಲಸಕ್ಕೆ ಎಬ್ಬಿಸದಂತೆ ಒಬ್ಬ ಕಾವಲುಗಾರ, ಮತ್ತು "ಬಹುಶಃ ಕೆಲಸಗಾರ್ತಿ" ಎಂಬ ಫಲಕವನ್ನು ದಯಪಾಲಿಸಬೇಕು. ಅತ್ತಿಗೆಯನ್ನು ಪ್ರಧಾನ ಅರ್ಚಕಿಯಾಗಿ ನೇಮಿಸಿದರೂ ನನ್ನ ತಕರಾರಿಲ್ಲ, ಪಾದ ಮಾತ್ರ ಅವಳ ಕೈಗೆ ಕೊಡಬೇಡಿ.

ಇಷ್ಟು ನಗುತ್ತ ಬರೆದರೂ ನನ್ನ ಸಿಟ್ಟು ಇಳಿದಿಲ್ಲ. ಇದು ಕಾಲುಚೀಲದ ಅಚ್ಚು ಎಂದು ಆ ಫಲಕದಲ್ಲಿ ತಿದ್ದಿ ಬರೆಸಿ. ಒಂದು ಸಾಲು ಸಾಕು.

ಇನ್ನೂ ಉಸಿರಾಡುತ್ತಿರುವ ಪೂರ್ವಜೆ,
ತಮ್ಮ ವಿಶ್ವಾಸಿ

ವಿ.ಸೂ.: ಇದನ್ನು ಅಂಚೆಗೆ ಹಾಕುವ ಮೊದಲೇ ಮರುಪರೀಕ್ಷೆ ಆಗಿಹೋಯಿತು. ಏಳನೆಯ ಪ್ರಶ್ನೆಗೆ ಈ ಸಲ "ಆರಾಧನೆಗೆ" ಎಂದು ಬರೆದೆ. ಎಂಟು ಬಂತು, ಕುರ್ಚಿಯೂ ಸಿಕ್ಕಿತು. ನಾನು ಮಾಡಿದ ಕೆಲಸವನ್ನು ನಾನೇ ಇಲ್ಲವೆಂದ ಮೇಲೆ, ನನಗೆ ಇಂಗ್ಲಿಷ್ ಬರುತ್ತದೆಂದು ಪ್ರಮಾಣಪತ್ರ ಕೊಟ್ಟಿದ್ದಾರೆ. ಫಲಕ ಬದಲಾಗದಿದ್ದರೆ ಮುಂದಿನ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಯುತ್ತೇನೆ.